ಬಿಡಿಭಾಗ

ಟೆಮಾ ಬಂದರಿನ ಮೂರನೇ ಗೇಟಿನೆದುರು
ನನ್ನದೊಂದು ತಣ್ಣನೆಯ ಅಂಗಡಿ.
ಒಂದು ಗರಗಸ, ಎರಡು ಫ್ರೀಜರು;
ಒಂದಕ್ಕೆ ಮುಚ್ಚಳ ಕೂರುವುದಿಲ್ಲ, ಮೇಲೆ ಕಲ್ಲು ಹೇರಿದ್ದೇನೆ.
ಹತ್ತು ಕಿಲೋ ಪೆಟ್ಟಿಗೆ ಒಡೆದರೆ
ಕಾಲು. ಬರೀ ಕಾಲು.
ಒಂದರ ಮೇಲೊಂದು ಒರಗಿ
ರಾತ್ರಿ ಬಸ್ಸಿನಲ್ಲಿ ನಿದ್ದೆಹೋದವರ ಹಾಗೆ.

ಇದರ ಎದೆಯೆಲ್ಲಿ ಎಂದು ಕೇಳಿದೆ ಒಮ್ಮೆ
ಕಂಟೇನರು ಬಿಡಿಸಿಕೊಡುವ ಲಾರ್ಬಿಯನ್ನು.
ಎದೆ ಅಲ್ಲೇ ಉಳಿಯಿತು ತಾಚಿವಾ,
ಅವರಿಗೆ ಎದೆಯೇ ಬೇಕು, ಮೂಳೆ ಕಂಡರೆ ಆಗದು.
ಪಾದ ಚೀನಾಕ್ಕೆ, ಅಲ್ಲಿ ಚೀಪುತ್ತಾರೆ.
ಪುಕ್ಕ ಪುಡಿಯಾಗಿ ಯಾವುದೋ ಮೇವಿಗೆ.
ತೊಡೆ ನಮಗೆ.
ಮತ್ತೆ ಕೂಗು? ಅಂದೆ.
ರಸೀತಿ ಪುಸ್ತಕ ಮಡಚಿ ನಕ್ಕ:
ಸುಂಕದ ಪಟ್ಟಿಯಲ್ಲಿ ಅದಕ್ಕೆ ನಂಬರಿಲ್ಲ.

ಡೋರ್ಮಾದಲ್ಲಿ ನನಗೂ ಶೆಡ್ಡಿತ್ತು. ಎಂಟುನೂರು ಹಕ್ಕಿ.
ರಾತ್ರಿ ಟಾರ್ಚು ಹಾಯಿಸಿದರೆ
ಎಂಟುನೂರು ಕತ್ತು ಒಟ್ಟಿಗೆ ತಿರುಗುತ್ತಿದ್ದವು.
ನಾನು ಹೆತ್ತವು ಒಂದು ದಿನವೂ ಹಾಗೆ ತಿರುಗಿದ್ದಿಲ್ಲ.
ನಮ್ಮದು, ನಮ್ಮದು ಎನ್ನುತ್ತಿದ್ದೆವು;
ಅದೂ ಅಷ್ಟಕ್ಕಷ್ಟೇ.
ಮರಿ ಬೆಲ್ಜಿಯಮ್ಮಿಂದ ವಿಮಾನದಲ್ಲಿ ಬರುತ್ತಿತ್ತು,
ಒಂದು ದಿನದ ಕೂಸು, ತೂತು ಕೊರೆದ ರಟ್ಟಿನೊಳಗೆ.
ಸೋಯಾ ಬ್ರೆಜಿಲಿನದು, ಲಸಿಕೆ ಯಾರದೋ,
ನೀರು ಮತ್ತು ಹಿಕ್ಕೆ ಮಾತ್ರ ಅಪ್ಪಟ ಘಾನಾ.
ಸೆಡಿ ಒಂದು ಮೆಟ್ಟಿಲು ಜಾರಿದರೆ
ಮೇವು ಎರಡು ಮೆಟ್ಟಿಲು ಹತ್ತುತ್ತಿತ್ತು.

ಗೋಡೆಯ ಮೇಲೆ ಇದ್ದಿಲಲ್ಲಿ ಲೆಕ್ಕ ಹಾಕಿದೆ.
ಅಳಿಸಿ ಮತ್ತೆ ಹಾಕಿದೆ.
ಸಮುದ್ರ ದಾಟಿ, ಮೂರು ವಾರ ಮಂಜಿನಲ್ಲಿ ಮಲಗಿ ಬಂದ ಕಾಲು
ನನ್ನ ಹಿತ್ತಿಲಿಂದ ನಡೆದುಬಂದ ಕಾಲಿಗಿಂತ
ಅಗ್ಗ.
ಹೇಗೆ?
ಶಾಲೆಯಲ್ಲಿ ಕೂಡುವುದು ಕಳೆಯುವುದು ಕಲಿಸಿದ
ಮಿಸ್ ಓಫೊಸುವಾ ಇದನ್ನು ಕಲಿಸಿರಲಿಲ್ಲ.

ಸುಂಕ ಏರಿಸುತ್ತೇವೆ ಅಂದರು ರೇಡಿಯೋದಲ್ಲಿ.
ನಾವು ಶೆಡ್ಡಿಗೆ ಸುಣ್ಣ ಹೊಡೆದೆವು.
ಸುಣ್ಣ ಒಣಗುವ ಮೊದಲೇ ಮಾತು ತಿರುಗಿತು.
ಎಲ್ಲೋ ಒಂದು ಉದ್ದನೆಯ ಮೇಜು ಇರಬೇಕು,
ಮುಂದೆ ನೀರಿನ ಬಾಟಲಿ, ದೇಶದ ಹೆಸರು ಬರೆದ ಪುಟ್ಟ ಹಲಗೆ,
ನಮ್ಮ ಹಲಗೆಯ ಹಿಂದೆ ಯಾರೋ ಟೈ ಸರಿಮಾಡಿಕೊಂಡು
ಸಹಿ ಹಾಕಿರಬೇಕು.
ಕೋಳಿಯನ್ನು ಕೇಳಿ ಯಾರು ಖಾರ ಅರೆಯುತ್ತಾರೆ?
ಸಾಕಿದವಳನ್ನೂ ಕೇಳುವುದಿಲ್ಲ.
ಹೊಸದೆಂದರೆ ಅಷ್ಟೇ.

ಆದರೂ ಒಂದು ಮಾತು, ಲೆಕ್ಕ ಲೆಕ್ಕವೇ:
ಉತ್ತರದಿಂದ ಬಂದು ತಲೆಯ ಮೇಲೆ ಮೂಟೆ ಹೊರುವ ಹುಡುಗಿಯರು
ನನ್ನಲ್ಲಿ ಎರಡೆರಡು ಕಾಲು ಕೊಳ್ಳುತ್ತಾರೆ,
ವಾರಕ್ಕೆರಡು ಸಲ ಅವರ ಸಾರಿಗೆ ಮಾಂಸದ ವಾಸನೆ.
ನನ್ನ ಹಕ್ಕಿಯ ಕಾಲಕ್ಕೆ ಅವರು
ಬೇಲಿಯಾಚೆ ನಿಂತು ನೋಡಿ ಹೋಗುತ್ತಿದ್ದರು.
ಇದನ್ನೂ ಬರೆದುಕೋ.
ಬೆರಳು ಮರಗಟ್ಟಿದಾಗ ನಾನು ಯಾರನ್ನು ಬೈಯಲಿ ಎಂದು ಹುಡುಕಿ
ಕೊನೆಗೆ ಕರೆಂಟಿನವರನ್ನು ಬೈಯುತ್ತೇನೆ.

ಸತ್ತವರಿಗೆ ಮಾತ್ರ ತೊಡೆ ನಡೆಯುವುದಿಲ್ಲ.
ಅಜ್ಜಂದಿರಿಗೆ ಇಡೀ ಹಕ್ಕಿ ಬೇಕು,
ತಲೆ ಇರಬೇಕು, ನೆತ್ತರು ಬೆಚ್ಚಗಿರಬೇಕು.
ಅವರಿನ್ನೂ ಯಾವ ಒಪ್ಪಂದಕ್ಕೂ ಸೇರಿಲ್ಲ.
ಅದಕ್ಕೇ ಜನರೇಟರಿನ ಹಿಂದೆ
ಒಂದು ಹುಂಜ ಕಟ್ಟಿದ್ದೇನೆ,
ಗಿರಾಕಿ ಬಂದರೆ ಹೇಳಿದ್ದೇ ಬೆಲೆ.

ನಾಲ್ವರು ಬಂದರು. ಕೊಡಲಿಲ್ಲ.

ಹಡಗು ಬಂದ ರಾತ್ರಿ
ಬಂದರಿನ ದೀಪಗಳೆಲ್ಲ ಒಮ್ಮೆಗೇ ಹೊತ್ತಿಕೊಂಡರೆ
ಬೆಳಗಾಯಿತೆಂದೇ ತಿಳಿದು
ಒಂದೂವರೆಗೆ ಕೂಗುತ್ತದೆ ಪಾಪಿ.
ತಾನು ಕೂಗಿದ್ದಕ್ಕೇ ಹಡಗು ಬಂತೆಂಬ ಗತ್ತು ಬೇರೆ,
ಕತ್ತು ಉಬ್ಬಿಸಿ, ಕ್ರೇನುಗಳನ್ನು ಒಂದೊಂದಾಗಿ ನೋಡುತ್ತದೆ.
ನಾನು ಎದ್ದು, ಚಪ್ಪಲಿ ತಡಕಿ,
ಫ್ರೀಜರಿನ ಮೇಲಿನ ಕಲ್ಲು ಇಳಿಸುತ್ತೇನೆ.

ಗೇಟಿನ ಕಡೆಯಿಂದ ಲಾರ್ಬಿಯ ಶಿಳ್ಳೆ:
ನಲವತ್ತು ಪೆಟ್ಟಿಗೆ, ತಾಚಿವಾ, ಜಾಗ ಮಾಡು,
ಈ ಸಲ
ಕತ್ತೂ ಕಳಿಸಿದ್ದಾರೆ.