ಆ ರಾತ್ರಿ ಫೋನು ಒದರಲಿಲ್ಲ

ಸೆಪ್ಟೆಂಬರಿನಿಂದೀಚೆ ಮೊದಲ ಸಲ
ಉರ್ವೆ ಬೆಳಗಿನ ಆರರವರೆಗೆ ಮಲಗಿದಳು.
ತಾರ್ತುವಿನಲ್ಲಿ ಮೈನಸ್ ಹದಿನೆಂಟು.
ಕಿಟಕಿಯಾಚೆ ಎಮಾಯೊಗಿ ನದಿ
ಹೆಪ್ಪುಗಟ್ಟಿ, ಕಾಲು ಮಡಚಿ ಕೂತಿತ್ತು.
ದಿಂಬಿನ ಪಕ್ಕದ ಫೋನು ತಣ್ಣಗೆ.
ಎಂಥ ಸುಖ, ಎಂದುಕೊಂಡಳು,
ಮೈಮುರಿದು, ಕಾಫಿಗೆ ನೀರಿಟ್ಟು.

ಪರದೆಯ ಮೇಲೆ ಎಲ್ಲ ಹಸಿರು.
ನಾಲ್ಕು ಸಾವಿರ ಯಂತ್ರ, ಒಂದಕ್ಕೂ ನೆಗಡಿಯಿಲ್ಲ.
ಆಮೇಲೆ ಕಂಡಿತು, ಹಸಿರಿನ ಬುಡದಲ್ಲಿ
ಸಣ್ಣಕ್ಷರದ ಹೊತ್ತು:
ಹನ್ನೆರಡು ಗಂಟೆ, ಸೊನ್ನೆ ನಿಮಿಷ.
ಆಗಿನಿಂದ ಪರದೆ
ಕೊನೆಗೆ ಕೇಳಿದ್ದನ್ನೇ ಹೇಳುತ್ತ ಕೂತಿದೆ,
ಸಾವಿನ ಸುದ್ದಿ ಮುಟ್ಟದ ನೆಂಟರು
‘ಚೆನ್ನಾಗಿದ್ದಾರೆ’ ಅನ್ನುವ ಹಾಗೆ.

ಸಾರೆಮಾ ದ್ವೀಪದಲ್ಲಿ ಎರಡೂ ಹತ್ತಕ್ಕೆ
ಕಾಲ್ಯುವಿನ ಮೀನುಮರಿ ತೊಟ್ಟಿಗಳಿಗೆ
ಗಾಳಿ ಊದುವ ಪಂಪು ನಿಂತಿತ್ತು.
ನೀರಿನೊಳಗಿನ ಸೆನ್ಸರು ಕೂಗಿತ್ತು.
ಸರಿಯಾಗಿಯೇ ಕೂಗಿತ್ತು.
ಕೂಗು ಕಡಲು ದಾಟಿ ಬಂದು
ಬಾಗಿಲಿನ ಗುರುತಿನ ಚೀಟಿ ನೋಡಿತು:
ಅವಧಿ ಮುಗಿದಿದೆ.
ಗುರುತಿಲ್ಲದ ಬಾಗಿಲಿಗೆ ಮಾತು ಕೊಡಬೇಡ
ಎಂದು ಕಲಿಸಿದ್ದು ನಾವೇ.
ಕೊಡಲಿಲ್ಲ.

ಕಾಲ್ಯುವನ್ನು ಎಬ್ಬಿಸಿದ್ದು ಯಾವ ಕ್ಲೌಡೂ ಅಲ್ಲ.
ಇಪ್ಪತ್ತೆರಡು ವರ್ಷ ಗೋಡೆಯಾಚೆ
ಗುಂಯ್‌ಗುಟ್ಟುತ್ತಿದ್ದುದು ಗುಂಯ್‌ಗುಟ್ಟದೆ ಹೋದದ್ದು.
ಸದ್ದಿಲ್ಲದ್ದಕ್ಕೆ ಬೆಚ್ಚಿ
ಬರಿಗಾಲಲ್ಲಿ ಹಿಮದ ಮೇಲೆ ಓಡಿದ.
ಏಳು ತೊಟ್ಟಿಯಲ್ಲಿ ಐದು ಉಳಿದವು.

ವರದಿಯಲ್ಲಿ ‘ಕಾರಣ’ ಎಂಬ ಚೌಕ,
ಇನ್ನೂರು ಅಕ್ಷರ ಹಿಡಿಯುತ್ತದೆ.
ಉರ್ವೆ ಬರೆದಳು: ಚೀಟಿಯ ಅವಧಿ ಮುಗಿದಿತ್ತು.
ಯಾಕೆ ಮುಗಿಯಿತು?
ನೆನಪೋಲೆ ಯುಲೊ ಹೆಸರಿಗೆ ಹೋಗುತ್ತಿತ್ತು.
ಯುಲೊ ಎಲ್ಲಿ?
ನಿವೃತ್ತ. ವೊರು ಕಡೆ ಜೇನು ಸಾಕುತ್ತಾನೆ.
ಬೀಳ್ಕೊಡುಗೆಗೆ ಕೇಕು ತಂದವಳು ಇವಳೇ;
ಬೀಗದ ಕೈ ಇಸಿದುಕೊಂಡಳು,
ಅಂಚೆಪೆಟ್ಟಿಗೆ ಕೇಳಲಿಲ್ಲ.
ಹಾಗಾದರೆ, ನಿಮ್ಮನ್ನೇ ಕಾಯುವ ಕಾವಲು?
ಅದನ್ನೂ ಇದೇ ಬಾಗಿಲ ಒಳಗೇ ಕೂರಿಸಿದ್ದೆವು,
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿತ್ತು ಪಾಪ,
ಬಾಗಿಲು

ಇಲ್ಲಿಗೆ ಇನ್ನೂರು ಮುಗಿಯಿತು.

ಈಗ ಐದೈದು ನಿಮಿಷಕ್ಕೆ
ದೂರದ ಬೇರೊಂದು ಯಂತ್ರಕ್ಕೆ ಒಂದೇ ಮಾತು ಹೋಗುತ್ತದೆ:
ಇದ್ದೇನೆ.
ಹೋಗದಿದ್ದರೆ ಉರ್ವೆಯ ಫೋನು ಒದರಬೇಕು.
ಕಾಲ್ಯುವಿಗೆ ಪತ್ರದಲ್ಲಿ ವಿವರಿಸಿದಳು.
ಅವನ ಉತ್ತರ ಒಂದು ಸಾಲು:
ನನಗೆ ಪಂಪಿನ ಸದ್ದು ಸಾಕಮ್ಮ.

ನಿನ್ನೆ ರಾತ್ರಿ ಮೂರರ ಸುಮಾರಿಗೆ
ಅಡುಗೆಮನೆಯಲ್ಲಿ ಫ್ರಿಜ್ಜಿನ ಗೊರಗೊರ
ಎಂದಿನಂತೆ, ಸುಮ್ಮನೆ, ನಿಂತಿತು.
ಉರ್ವೆ ಎದ್ದು ಕೂತಿದ್ದಳು.