ಗುಂಡಿ

ಭಾಗಿ ಹದಿನೇಳು. ವಯಸ್ಸು ಅರವತ್ತಾರು.
ನಮೂನೆಯಲ್ಲಿ ಹೆಸರು ಬರೆಯುವಂತಿಲ್ಲ,
ಹೊನ್ನಗಂಗಯ್ಯ ಅನ್ನೋಣ ಇಲ್ಲಿಗೆ.
ರಿಟೈರ್ಡ್ ಕಂಡಕ್ಟರು,
ಮೂವತ್ತೊಂದು ವರ್ಷ ಮೆಜೆಸ್ಟಿಕ್ಕಿನ ಧೂಳು.

ನಾಲ್ಕನೇ ಮಹಡಿ, ಕೊರೆಯುವ ಎಸಿ.
ಕಣ್ಣಿನ ಓಡಾಟ ಅಳೆಯುವ ಕಪ್ಪು ಪಟ್ಟಿಯ ಮೇಲೆ
ಪರದೆ ಆಗಷ್ಟೇ ಹುಟ್ಟುತ್ತದೆ, ಅವರೊಬ್ಬರಿಗಾಗಿಯೇ.
ಯಾರೂ ಕೂತು ಬರೆದಿಟ್ಟದ್ದಲ್ಲ, ಯಂತ್ರ ಊಹಿಸಿದ್ದು:
ಈ ಮನುಷ್ಯನಿಗೆ ಇಷ್ಟು ದಪ್ಪ ಅಕ್ಷರ,
ಇಂಥ ಹಸಿರು, ಇಷ್ಟೇ ಮಾತು.

ಕೆಲಸ ಮೂರು: ನೀವು ಬದುಕಿದ್ದೀರೆಂದು
ಪಿಂಚಣಿ ಕಚೇರಿಗೆ ತಿಳಿಸಿ.
(ನಕಲು ಅರ್ಜಿ. ಹೆದರಬೇಡಿ.)

ಮೊದಲ ಸೋಮವಾರ ಎರಡೇ ನಿಮಿಷದಲ್ಲಿ ಬದುಕಿದ್ದರು.
ಎರಡನೆಯ ಸೋಮವಾರದ ಹೊತ್ತಿಗೆ
ಯಂತ್ರ ಅವರನ್ನು ಇನ್ನಷ್ಟು ಅರಿತಿತ್ತು,
ಅದಕ್ಕೇ ಎಲ್ಲ ಬದಲಿಸಿತ್ತು.
ಬೆರಳು ಬಲಗಡೆ ಕೆಳಗೆ ಹೋಗಿ
ಖಾಲಿ ಬಿಳುಪಿನ ಮೇಲೆ ನಿಂತಿತು,
ಕಿತ್ತು ಹಾಕಿದ ಕದಕ್ಕೆ ಅಗುಳಿ ಹುಡುಕುವ ಹಾಗೆ.

"ಮೇಡಂ, ಹೋದ ವಾರ ಇಲ್ಲೇ ಇತ್ತಲ್ಲ ಗುಂಡಿ?"

ನಾನು ಉತ್ತರಿಸುವಂತಿಲ್ಲ, ನಿಯಮ.
ಗುರುತು ಹಾಕಿಕೊಂಡೆ: ತಡವರಿಕೆ, ಹನ್ನೊಂದು ಸೆಕೆಂಡು.

ಅವರೇ ನಕ್ಕರು.
"ನಮ್ಮ ರಸ್ತೆ ಗುಂಡಿಗಳೇ ವಾಸಿ ಬಿಡಿ,
ಇದ್ದ ಜಾಗದಲ್ಲೇ ಇರ್ತವೆ ವರ್ಷಗಟ್ಲೆ.
ಡ್ರೈವರ್ ಪೀರ್‌ಸಾಬ್ ಕಣ್ಮುಚ್ಕೊಂಡು ತಪ್ಪಿಸ್ತಿದ್ದ."

ಆಮೇಲೆ ಕೇಳದೆಯೇ ಹೇಳಿದರು,
ಸಂಜೆ ಆರರ ಬಸ್ಸು, ಕಂಕುಳಲ್ಲಿ ಚೀಲ,
ಬೆರಳ ಸಂದಿಯಲ್ಲಿ ಮಡಚಿದ ನೋಟು,
ಯಾರದೋ ಬೆವತ ಬೆನ್ನಿಗೆ ಮುಖ ಒತ್ತಿಕೊಂಡಿದ್ದಾಗಲೂ
ಕೈ ತಾನಾಗಿ ಎದ್ದು ಗಂಟೆಯ ಹಗ್ಗ ಹಿಡಿಯುತ್ತಿತ್ತಂತೆ.
"ಹಗ್ಗಕ್ಕೆ ನಾನ್ಯಾರು ಅಂತ ಗೊತ್ತಿರ್ಲಿಲ್ಲ ಮೇಡಂ.
ಹಗ್ಗ ಎಲ್ಲಿದೆ ಅಂತ ನಂಗೊತ್ತಿತ್ತು.
ಅಷ್ಟು ಸಾಕಾಗ್ತಿತ್ತು."

ಹಾಳೆಯಲ್ಲಿ ಇದಕ್ಕೆ ಕಾಲಂ ಇಲ್ಲ.
'ಇತರೆ' ಎಂಬಲ್ಲಿ ತುರುಕಿದೆ, ಹಿಡಿಸಲಿಲ್ಲ,
ಅಂಚಿಗೂ ಹರಿಯಿತು ಬರಹ.
ಗೈಡ್ ಹೇಳುತ್ತಾರೆ: ಗುಂಪಿಗೆ ಸೇರದ ಅಂಕಿ, ಕೈಬಿಡು,
ಉಳಿದ ಇಪ್ಪತ್ತಮೂರು ಜನರ ವೇಗ ಹೆಚ್ಚಿದೆಯಲ್ಲ.
ಹೆಚ್ಚಿದೆ. ಸುಳ್ಳಲ್ಲ.
ಗ್ರಾಫು ಚೆಂದವಾಗಿ ಮೇಲೇರುತ್ತದೆ.

ಕೊನೆಗೆ ಪರದೆ, ಸೋತೋ ಕನಿಕರಪಟ್ಟೋ,
ನಟ್ಟನಡುವೆ ಒಂದೇ ಪದ ತೋರಿತು: ಮುಂದೆ.
ಹೊನ್ನಗಂಗಯ್ಯ ಅದನ್ನು ನೋಡಿದ ರೀತಿ!
ತುಂಬಿದ ಬಸ್ಸಿನಲ್ಲಿ ದಿನಕ್ಕೆ ನೂರು ಸಲ ತಾವು ಕೂಗಿದ್ದನ್ನು
ಈಗ ಯಾರೋ ತಮಗೇ ಕೂಗಿದಂತೆ.
ಒತ್ತಿದರು.
ಬದುಕಿದ್ದಾರೆ. ದಾಖಲಾಯಿತು.

ರಾತ್ರಿ, ಮತ್ತಿಕೆರೆ. ಹೊಸ ಬಾಡಿಗೆ ಕೋಣೆ,
ಪಿಎಚ್‌ಡಿ ಶುರುವಾದ ಮೇಲೆ ನಾಲ್ಕನೆಯದು.
ಬೀಗ ತೆಗೆದು ಒಳಗೆ ಬಂದು
ಎಡಗಡೆ ಗೋಡೆ ಸವರುತ್ತೇನೆ.
ಸ್ವಿಚ್ಚು ಎಡಕ್ಕಿದ್ದದ್ದು ಹಳೆಯ ಮನೆಯಲ್ಲಿ.
ಗೊತ್ತಿದೆ, ಕೈಗೆ ಇನ್ನೂ ಗೊತ್ತಿಲ್ಲ.
ಸುಣ್ಣ ಅಂಟಿದ ಬೆರಳು ಹಾಗೇ ಚಾಚಿ
ಕತ್ತಲಲ್ಲಿ ಎಣಿಸುತ್ತ ನಿಂತಿದ್ದೇನೆ,
ಹನ್ನೊಂದು ದಾಟಿತು.