ಹಲ್ಲಿಗೆ ಕೇಳುವುದು

ಆನಗೋಡು ದಾಟಿದ ಮೇಲೇ ಅದು ಶುರುವಾಗುವುದು,
ಭರಮಸಾಗರದ ಶಾಲೆಗೆ ಯೂನಿಫಾರ್ಮಿನ ಗಂಟು ಹೇರಿಕೊಂಡು
ಮೂರನೇ ಗೇರಿನಲ್ಲಿ ಏರು ಹತ್ತುವಾಗ.
ಕಿರ್ರ್... ಅಲ್ಲ, ಕಿರ್ರೆಂದರೆ ಬಾಗಿಲು.
ಗೊರಗೊರ ಮಲಗಿದವರದು.
ಚಟಪಟ ಸಾಸಿವೆಯದು, ಕಟಕಟ ಚಳಿಯದು,
ಗಡಗಡ ಎಂದೋ ಗುಡುಗಿಗೆ ಬರೆದುಕೊಟ್ಟಾಗಿದೆ.
ಇಷ್ಟೊಂದು ಜೋಡಿಪದ ಹೆತ್ತ ಭಾಷೆಯಲ್ಲಿ
ನನ್ನ ಎಸ್ಟೀಮಿನ ಹೊಟ್ಟೆನೋವಿಗೆ ಒಂದೂ ಇಲ್ಲ.

ಕುಕ್ಕರಿನ ವಾಷರ್ ಹೋದಂಗೈತೆ, ಅಂದಳು ಸರ್ವಮಂಗಳ.
ಟ್ಯಾಪೆಟ್ಟು, ಎಂದ ಅವಳ ತಮ್ಮ, ಬಾನೆಟ್ಟು ಎತ್ತದೆಯೇ.
ಶೋರೂಮಿನ ಹುಡುಗ ಕಂಪ್ಯೂಟರಿನ ವೈರು ಹಿಡಿದು
ಡ್ಯಾಶಿನ ಕೆಳಗೆ ತೂತು ಹುಡುಕಿ ಹುಡುಕಿ
ಎದ್ದು ಹೇಳಿದ: ಸಾರ್, ಈ ಗಾಡಿಗೆ ಬಾಯೇ ಇಟ್ಟಿಲ್ಲ.

ಬೂದಾಳ್ ರಸ್ತೆ, ಮಂಡಕ್ಕಿ ಭಟ್ಟಿಗಳ ಹಿಂದೆ,
ಹೊಗೆಗೆ ಕಪ್ಪಾದ ತಗಡಿನ ಕೆಳಗೆ ಬುಡೇನ್ ಸಾಬರು.
'ಹೆಂಗೈತೆ ಶಬ್ದ? ಮಾಡಿ ತೋರಿಸ್ರಿ.'
ಐವತ್ತೆರಡರ ನಾನು, ಮೂರು ಹುಡುಗರ ಎದುರು,
ಗಂಟಲು ಕೆರೆದು, ತುಟಿ ಸೊಟ್ಟ ಮಾಡಿ, ಕಾರಾದೆ.
ಹುಡುಗರು ನಕ್ಕರು. ಸಾಬರು ನಗಲಿಲ್ಲ.
ನನ್ನ ತುಟಿಯನ್ನೇ ನೋಡುತ್ತ, 'ಇನ್ನೊಮ್ಮೆ.'

ಗಾಡಿಯೋ, ಇನ್‌ಸ್ಪೆಕ್ಟರು ಬಂದ ದಿನದ ಶಾಲೆ:
ಕೈಕಟ್ಟಿ ಕೂತಿದೆ, ಉಸಿರಿಲ್ಲ.
'ಕಾಯಲಿ ಬಿಡ್ರಿ. ಮೈ ಬಿಸಿಯಾದ್ರೆ ತಾನೇ ಬಾಯಿ ಬಿಡ್ತೈತೆ.'
ಚಹಾ ಬಂತು. ಲೋಟ ಬರಿದಾಯಿತು.
ಬೇಲಿಯಾಚೆ ಒಬ್ಬಾಕೆ ಬಿಸಿ ಮಂಡಕ್ಕಿಗೆ ಜರಡಿ ಹಿಡಿದಿದ್ದಳು,
ಮಳಲು ಕೆಳಗೆ, ಹಗುರಾದದ್ದು ಮೇಲೆ.

ಆಗ ಬಂತು.
ಸಾಬರು ಮೊಳದುದ್ದದ ಸ್ಕ್ರೂಡ್ರೈವರ್ ತೆಗೆದು
ತುದಿಯನ್ನು ಇಂಜಿನ್ನಿಗೆ ಒತ್ತಿದರು.
ಹಿಡಿಯನ್ನು ಕಿವಿಗಿಡುತ್ತಾರೆ ಅಂದುಕೊಂಡೆ.
ಕಚ್ಚಿದರು.
ಕಣ್ಣು ಮುಚ್ಚಿ, ಹೆಡ್ಡಿನ ಮೇಲೊಮ್ಮೆ, ಡೈನಮೋದ ಮೇಲೊಮ್ಮೆ,
ಕೆಳಗೆ, ಇನ್ನೂ ಕೆಳಗೆ. ದವಡೆ ಬಿಗಿಯಿತು.
'ಹಾಹರ್ ಹಂಪ್.'
ಬಾಯಿಂದ ಹಿಡಿ ತೆಗೆದು ತರ್ಜುಮೆ ಮಾಡಿದರು: ವಾಟರ್ ಪಂಪ್.

ಹನ್ನೊಂದು ವರ್ಷ ಕಾಟನ್ ಮಿಲ್ಲಿನಾಗಿದ್ದೆ, ಅಂದರು ನಟ್ಟು ಬಿಚ್ಚುತ್ತ,
ಮಗ್ಗದ ಸಾಲಿನಾಗೆ. ಅಲ್ಲಿ ಯಾರ್ಗೂ ದನಿ ಇರ್ಲಿಲ್ಲ,
ತುಟೀಲೇ ಮಾತು, ತುಟೀಲೇ ಬೈಗುಳ.
ಮುಚ್ಚಿದಾಗ ಲೆಕ್ಕ ಚುಕ್ತಾ ಮಾಡಿದ್ರು,
ಎರಡು ಕಿವಿ ಮಾತ್ರ ಅಲ್ಲೇ ಉಳಿದ್ವು.
ಹಲ್ಲು ನಂದೇ ಐತೆ ಇನ್ನೂ.

ಬಿಚ್ಚಿದ ಪಂಪನ್ನು ನನ್ನ ಕೈಗಿಟ್ಟು, ತಿರುಗಿಸ್ರಿ, ಅಂದರು.
ಬೇರಿಂಗ್ ತಿರುಗಿತು. ಸದ್ದು ಇಲ್ಲವೆನ್ನುವಷ್ಟು.
ಬೆರಳಿಗೆ ಗೊತ್ತಾಯಿತು, ಬೆರಳಿನಿಂದ ದವಡೆಗೆ:
ಅನ್ನದಲ್ಲಿ ಕಲ್ಲು ಸಿಕ್ಕ ಆ ಗಳಿಗೆ.
ನಾನು ಹುಡುಕಿದ್ದು ಕಿವಿಯ ಪದ. ಇದು ಹಲ್ಲಿನದು.

ಆ ರಾತ್ರಿ ಮನೆಯಲ್ಲಿ ಸ್ಕ್ರೂಡ್ರೈವರ್ ಕಚ್ಚಿ
ಫ್ರಿಜ್ಜಿಗಿಟ್ಟೆ, ಬೋರಿನ ಮೋಟರಿಗಿಟ್ಟೆ, ಗೋಡೆಗೆ.
ಪಕ್ಕದ ಮನೆಯ ಮಿಕ್ಸಿ ನನ್ನ ಬುರುಡೆಯಲ್ಲಿ ಚಟ್ನಿ ರುಬ್ಬಿತು.
ಬಾಗಿಲಲ್ಲಿ ಸರ್ವಮಂಗಳ. ಎಷ್ಟು ಹೊತ್ತಿಂದಲೋ.
ಬೈಯಲಿಲ್ಲ. ಕುರ್ಚಿ ಎಳೆದು ಕೂತಳು,
ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿದಳು.
'ಎರಡು ವರ್ಷ ಆತು, ಮೆಟ್ಲು ಹತ್ತುವಾಗ ಏನೋ ಅಂತೈತೆ.
ಡಾಕ್ಟ್ರು ಫೋಟೋ ತೆಗೆದು ಏನಿಲ್ಲ ಅಂದ್ರು.
ಇಟ್ ನೋಡ್ರಿ.'

ಎರಡು ವರ್ಷ.
ಟವೆಲ್ಲಿಗೆ ಒರೆಸಿ, ತಿರುಗಿಸಿ ಹಿಡಿದು,
ಹಿಡಿಯ ಕಡೆ ಅವಳ ಮಂಡಿಗಿಟ್ಟು
ಕಬ್ಬಿಣದ ತುದಿಯನ್ನು ನಾನು ಕಚ್ಚಿದೆ.
ಕಾಲು ಮಡಚಿದಳು, ನಿಧಾನ, ಚಾಚಿದಳು.
'ಸ್ಪೇರ್ ಸಿಗ್ತೈತಾ?' ಎಂದಳು, ನಗುತ್ತ.
ನಾನು ಬಾಯಿ ಬಿಡುವ ಹಾಗಿರಲಿಲ್ಲ.
ಬೆರಳೆತ್ತಿ ತೋರಿಸಿದೆ: ಇನ್ನೊಮ್ಮೆ.